ಆಟ ಶುರುವಾಗುವ ಮೊದಲೇ ಆಗಬೇಕಾದ ಮಾತು: ಮಕ್ಕಳ ಮೊಬೈಲ್ ಬಗ್ಗೆ ಓದುಗರ ಪ್ರಶ್ನೆಗಳು

ರಜೆ ಮುಗಿದು ಶಾಲೆ ಶುರುವಾಗುತ್ತಿದ್ದಂತೆ ಮಕ್ಕಳ ಮೊಬೈಲ್ ಆಟದ ಬಗ್ಗೆ ಪತ್ರಗಳು ಒಂದರ ಹಿಂದೊಂದು ಬಂದಿವೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ನನ್ನ ಮಗ ಏಳನೇ ಕ್ಲಾಸು. ನನ್ನ ಫೋನಿನಲ್ಲೇ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ಸಂಘದ ಕಂತು ಕಟ್ಟೋಣ ಎಂದು ನೋಡಿದರೆ ಖಾತೆಯಲ್ಲಿ ಹದಿನಾಲ್ಕು ಸಾವಿರ ಕಮ್ಮಿ. ಒಂದೇ ಸಲ ಹೋಗಿಲ್ಲ, ಚಿಲ್ಲರೆ ಚಿಲ್ಲರೆಯಾಗಿ ಹೋಗಿದೆ. ಅವನು ಅಳುತ್ತಾ ಕೂತಿದ್ದಾನೆ. ಅವರಪ್ಪನಿಗೆ ಇನ್ನೂ ಹೇಳಿಲ್ಲ. ದುಡ್ಡು ವಾಪಸ್ ಬರುತ್ತದೆಯೇ?
— ಒಬ್ಬ ತಾಯಿ, ರಾಣೆಬೆನ್ನೂರು

ಒಂದಷ್ಟು ಬರಬಹುದು. ಪೂರ್ತಿ ಬರುತ್ತದೆ ಎಂದು ನಂಬಿ ಕೂರಬೇಡಿ ತಾಯಿ. ಮೊದಲು ದುಡ್ಡು ಯಾವ ದಾರಿಯಲ್ಲಿ ಹೋಯಿತು ಎಂದು ನೋಡಬೇಕು. ಪ್ಲೇ ಸ್ಟೋರ್ ತೆರೆದು, ಮೇಲೆ ಬಲಗಡೆಯ ನಿಮ್ಮ ಚಿತ್ರವನ್ನು ಒತ್ತಿ, 'ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್' ಒಳಗಿರುವ 'ಬಜೆಟ್ ಅಂಡ್ ಹಿಸ್ಟರಿ'ಗೆ ಹೋಗಿ. ಯಾವ ದಿನ, ಯಾವ ಆಟಕ್ಕೆ, ಎಷ್ಟು ಎಂದು ಸಾಲಾಗಿ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಟಿಕ್ ಹಾಕುತ್ತಾ ಬನ್ನಿ.

ಪ್ಲೇ ಸ್ಟೋರ್ ಪಟ್ಟಿಯಲ್ಲಿರುವ ಖರೀದಿ 48 ಗಂಟೆಯೊಳಗಿನದಾದರೆ ಇವತ್ತೇ ಗೂಗಲ್‌ಗೆ ರೀಫಂಡ್ ಅರ್ಜಿ ಹಾಕಿ. ಅದಕ್ಕಿಂತ ಹಳೆಯದಕ್ಕೆ ಆಟದ ಕಂಪನಿಗೇ ಬರೆಯಬೇಕು, ಆಟದೊಳಗಿನ ಸಹಾಯ ವಿಭಾಗದಲ್ಲಿ ಅದಕ್ಕೆ ಜಾಗವಿದೆ. ಜಿಪಿಎ ಎಂದು ಶುರುವಾಗುವ ಆರ್ಡರ್ ಸಂಖ್ಯೆ, ತಾರೀಖು, ಮೊತ್ತ, ಮಗನ ವಯಸ್ಸು, ಆಟದಲ್ಲಿ ಅವನ ಐಡಿ, ಇಷ್ಟನ್ನೂ ಕೊಡಿ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ ಎಂಬುದನ್ನೂ ಪತ್ರದಲ್ಲಿ ಬರೆಯಿರಿ. ಆದರೆ ಖಾತೆ ನಿಮ್ಮದು, ಒತ್ತಿದ ಯುಪಿಐ ಪಿನ್ ನಿಮ್ಮದು. ನೀವೇ ಕೊಂಡಿದ್ದೀರಿ ಎಂದು ಅವರು ವಾದಿಸಬಹುದು. ಕೊಂಡ ಡೈಮಂಡ್ (ಆಟದೊಳಗಿನ ನಾಣ್ಯ) ಖರ್ಚಾಗಿದ್ದರೆ ಇನ್ನೂ ಕಷ್ಟ. ಏನೇ ಆದರೂ 'ಯಾರೋ ಕದ್ದಿದ್ದಾರೆ' ಎಂದು ಮಾತ್ರ ಬರೆಯಬೇಡಿ. ಯಾವ ಫೋನಿನಿಂದ ಪಾವತಿಯಾಯಿತು ಎಂಬುದು ಬ್ಯಾಂಕಿಗೆ ಗೊತ್ತಿರುತ್ತದೆ, ಸುಳ್ಳು ದೂರು ನಿಮ್ಮ ನಿಜವಾದ ಅರ್ಜಿಯನ್ನೂ ಕೆಡಿಸುತ್ತದೆ.

ಪ್ಲೇ ಸ್ಟೋರ್ ಪಟ್ಟಿಯಲ್ಲಿ ಇಲ್ಲದ, ಆದರೆ ಬ್ಯಾಂಕಿನಲ್ಲಿ ಕಡಿತವಾದ ಮೊತ್ತ ಇದೆಯೇ? ಇದ್ದರೆ ವಿಷಯ ಬೇರೆ. 'ಅರ್ಧ ರೇಟಿಗೆ ಡೈಮಂಡ್' ಎಂದು ಟೆಲಿಗ್ರಾಮ್, ವಾಟ್ಸಾಪ್‌ನಲ್ಲಿ ಕರೆಯುವವರ ವೈಯಕ್ತಿಕ ಯುಪಿಐಗೆ ಹುಡುಗರು ದುಡ್ಡು ಹಾಕುತ್ತಾರೆ. ಅದು ವಂಚನೆ. ತಡಮಾಡದೆ 1930ಕ್ಕೆ ಫೋನ್ ಮಾಡಿ. ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯುವುದಕ್ಕೇ ಆ ಸಹಾಯವಾಣಿ ಇರುವುದು.

ಇನ್ನು ಮುಂದಿನ ಮಾತು. ಯುಪಿಐ ಪಿನ್ ಬದಲಿಸಿ, ಅವನೆದುರು ಒತ್ತಬೇಡಿ. ಪ್ಲೇ ಸ್ಟೋರ್‌ನಲ್ಲಿ ಉಳಿಸಿಟ್ಟಿರುವ ಪಾವತಿ ವಿಧಾನಗಳನ್ನು ತೆಗೆದುಹಾಕಿ. ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ: ಅನ್‌ಲಾಕ್ ಮಾಡಲು ಸುಲಭವಾಗಲಿ ಎಂದು ಮಗುವಿನ ಬೆರಳಚ್ಚನ್ನೂ ತಾಯಿಯ ಫೋನಿಗೆ ಸೇರಿಸಿರುತ್ತಾರೆ. ಹಾಗಿದ್ದರೆ ಪ್ಲೇ ಸ್ಟೋರ್ ಕೇಳುವ ಬೆರಳಚ್ಚಿಗೆ ಮಗುವಿನ ಬೆರಳೂ ನಡೆಯುತ್ತದೆ. ಫೋನಿನ ಸೆಕ್ಯುರಿಟಿ ವಿಭಾಗದಲ್ಲಿ ಎಷ್ಟು ಬೆರಳಚ್ಚು ಇವೆ ಎಂದು ಎಣಿಸಿ, ನಿಮ್ಮದಲ್ಲದ್ದನ್ನು ಅಳಿಸಿ. ಸಣ್ಣ ಪಾವತಿಗಳಿಗಿರುವ ಯುಪಿಐ ಲೈಟ್ ಪಿನ್ ಕೇಳುವುದಿಲ್ಲ, ಮಗುವಿನ ಕೈಗೆ ಹೋಗುವ ಫೋನಿನಲ್ಲಿ ಅದನ್ನು ಮುಚ್ಚಿಬಿಡಿ. ಯುಪಿಐ ಆ್ಯಪ್‌ನ ಆಟೋಪೇ (ತಾನಾಗಿ ದುಡ್ಡು ಕಡಿತವಾಗುವ) ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ.

ಮಗನ ಬಗ್ಗೆ ಒಂದು ಮಾತು. ಅವನು ಹದಿನಾಲ್ಕು ಸಾವಿರವನ್ನು ಒಂದೇ ಮೊತ್ತವಾಗಿ ಕಂಡೇ ಇಲ್ಲ. ರೂಪಾಯಿ ಮೊದಲು ಡೈಮಂಡ್ ಆಗುತ್ತದೆ, ಡೈಮಂಡ್ ಸ್ಪಿನ್ (ಅದೃಷ್ಟದ ಚಕ್ರ ತಿರುಗಿಸುವುದು) ಆಗುತ್ತದೆ, ಸ್ಪಿನ್‌ನಲ್ಲಿ ಬೇಕಾದ ಬಟ್ಟೆಯೋ ಬಂದೂಕಿನ ಬಣ್ಣವೋ ಬರುವುದಿಲ್ಲ, ಉಳಿದ ಡೈಮಂಡ್ ಇನ್ನೊಂದು ಸ್ಪಿನ್‌ಗೆ ಸ್ವಲ್ಪದರಲ್ಲಿ ಸಾಲದು. ಆ 'ಸ್ವಲ್ಪ'ವೇ ಮತ್ತೆ ರೀಚಾರ್ಜ್ ಮಾಡಿಸುತ್ತದೆ. ಇದನ್ನು ಕಟ್ಟಿದವರು ದೊಡ್ಡವರು, ಆಡಿದವನು ಹನ್ನೆರಡರ ಹುಡುಗ. ಅವರಪ್ಪನಿಗೆ ಇವತ್ತೇ ಹೇಳಿ, ಟಿಕ್ ಹಾಕಿದ ಆ ಸ್ಟೇಟ್‌ಮೆಂಟ್ ಕೈಯಲ್ಲಿಟ್ಟುಕೊಂಡೇ ಹೇಳಿ. ಮಗನಿಂದಲೇ ಒಟ್ಟು ಲೆಕ್ಕ ಮಾಡಿಸಿ. ಹೊಡೆದರೆ ಮುಂದಿನ ಸಲ ಹೇಳುವುದಿಲ್ಲ, ಅಷ್ಟೇ ಆಗುವುದು.

ಹತ್ತನೇ ಕ್ಲಾಸಿನ ಮಗ ಬಿಜಿಎಂಐ ಆಡುತ್ತಾನೆ. ಊಟಕ್ಕೆ ಕರೆದರೆ 'ಎರಡೇ ನಿಮಿಷ' ಅನ್ನುತ್ತಾನೆ, ಅರ್ಧ ಗಂಟೆಯಾದರೂ ಏಳುವುದಿಲ್ಲ. ಮೊನ್ನೆ ಫೋನ್ ಕಿತ್ತುಕೊಂಡೆ. ಬಾಗಿಲು ಒದ್ದ. ಮೊದಲು ಹೀಗಿರಲಿಲ್ಲ.
— ಒಬ್ಬ ತಂದೆ, ತುಮಕೂರು

ಬಿಜಿಎಂಐ ಎಂದರೆ ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿ, ಈ ಆಟಕ್ಕೆ ನಿಲ್ಲಿಸಿ ಮುಂದುವರಿಸುವ ಗುಂಡಿಯಿಲ್ಲ. ಕ್ಲಾಸಿಕ್ ಮ್ಯಾಚ್‌ನಲ್ಲಿ ನೂರು ಜನ ಇಳಿಯುತ್ತಾರೆ, ದೊಡ್ಡ ಮ್ಯಾಪ್‌ನಲ್ಲಿ ಕೊನೆಯವರೆಗೆ ಉಳಿದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಮಧ್ಯೆ ಎದ್ದರೆ ಜೊತೆಗಿದ್ದ ಮೂವರು ಗೆಳೆಯರಿಗೆ ಕೈಕೊಟ್ಟಂತೆ, ರ‍್ಯಾಂಕ್ ಕೂಡ ಇಳಿಯುತ್ತದೆ. ನೀವು ಫೋನ್ ಕಿತ್ತುಕೊಂಡದ್ದು ಅವನ ಲೆಕ್ಕದಲ್ಲಿ ಗೆಳೆಯರ ಮುಂದೆ ಆದ ಅವಮಾನ. ಬಾಗಿಲು ಒದ್ದದ್ದು ಸರಿ ಎಂದಲ್ಲ, ಅದಕ್ಕೆ ಅವನು ಕ್ಷಮೆ ಕೇಳಲೇಬೇಕು. ಆದರೆ ಇದೇ ಜಗಳ ನಾಳೆಯೂ ಬೇಡವೆಂದರೆ ಸಮಯವನ್ನು ಗಡಿಯಾರದಲ್ಲಿ ಅಳೆಯುವುದು ಬಿಟ್ಟು ಮ್ಯಾಚ್‌ನಲ್ಲಿ ಅಳೆಯಿರಿ.

ಎಂಟೂವರೆಗೆ ಊಟ ಎಂದಿಟ್ಟುಕೊಳ್ಳಿ. 'ಎಂಟೂವರೆಗೆ ನಿಲ್ಲಿಸು' ಎನ್ನಬೇಡಿ, 'ಏಳು ಐವತ್ತರ ನಂತರ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ' ಎನ್ನಿ. ಆಗ ಯಾವ ಮ್ಯಾಚ್ ಆದರೂ ಎಂಟು ಇಪ್ಪತ್ತೈದರ ಹೊತ್ತಿಗೆ ಮುಗಿಯುತ್ತದೆ. ಹೊತ್ತು ಕಮ್ಮಿಯಿದ್ದ ದಿನ ಟಿಡಿಎಂ (ಎರಡು ತಂಡಗಳ ಚಿಕ್ಕ ಕಾಳಗ) ಆಡಲಿ, ಅದು ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಶಾಲೆಯ ದಿನ ಒಂದು ಕ್ಲಾಸಿಕ್ ಇಲ್ಲವೇ ಎರಡು ಟಿಡಿಎಂ, ಭಾನುವಾರ ಮೂರು ಕ್ಲಾಸಿಕ್ ಎಂದು ಹತ್ತನೇ ಕ್ಲಾಸಿನವನಿಗೆ ನಾವು ಹೇಳುತ್ತೇವೆ. ಮಾತು ಮೀರಿದರೆ ಏನು ಎಂಬುದೂ ಮೊದಲೇ ತೀರ್ಮಾನವಾಗಿರಲಿ: ಮರುದಿನ ಆಟವಿಲ್ಲ, ಒಂದು ದಿನ ಮಾತ್ರ. 'ತಿಂಗಳು ಪೂರ್ತಿ ಮುಟ್ಟಬೇಡ' ಎಂದವರು ಮೂರನೇ ದಿನಕ್ಕೆ ಕೊಟ್ಟುಬಿಡುತ್ತಾರೆ, ಅಲ್ಲಿಗೆ ಅಪ್ಪನ ಮಾತಿಗೆ ತೂಕ ಹೋಯಿತು.

ನಡುವೆ ನಿಂತಿದ್ದ ಈ ಆಟ 2023ರಲ್ಲಿ ಮತ್ತೆ ಬಂದಾಗ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿ ಇಟ್ಟರು. ಅದನ್ನು ನೆಚ್ಚಿಕೊಳ್ಳಬೇಡಿ. ಹುಡುಗ ವಯಸ್ಸು ಹೆಚ್ಚಿಸಿ ಬರೆದಿದ್ದರೆ ಆ ಮಿತಿ ಅವನಿಗೆ ತಾಗುವುದಿಲ್ಲ. ಶಾಲೆಯ ದಿನಕ್ಕಂತೂ ಮೂರು ಗಂಟೆಯೇ ವಿಪರೀತ.

ಇನ್ನೊಂದು ಕೆಲಸ ಮಾಡಿ. ಒಂದು ಭಾನುವಾರ ಅವನ ಪಕ್ಕ ಕೂತು ಒಂದು ಮ್ಯಾಚ್ ಪೂರ್ತಿ ನೋಡಿ. ಎಲ್ಲಿ ಇಳಿಯುತ್ತಾನೆ, ಯಾರ ಜೊತೆ ಮಾತಾಡುತ್ತಾನೆ, ಬೈಗುಳ ಎಷ್ಟು, ಸೋತಾಗ ಹೇಗಿರುತ್ತಾನೆ. ನೀವು ನೋಡದ ಆಟಕ್ಕೆ ನೀವು ಇಡುವ ನಿಯಮವನ್ನು ಅವನು ನಂಬುವುದಿಲ್ಲ.

ಮಕ್ಕಳ ಫೋನನ್ನು ಹೆತ್ತವರು ನಿಯಂತ್ರಿಸುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದ್ದೇವೆ. ಆದರೂ ಐದನೇ ಕ್ಲಾಸಿನ ಮಗಳು ಹೇಗೋ ದಾರಿ ಹುಡುಕುತ್ತಾಳೆ. ಎಲ್ಲಿ ತಪ್ಪುತ್ತಿದೆ?
— ಶಿಕ್ಷಕ ದಂಪತಿ, ಶಿರಸಿ

ಹೆಚ್ಚಾಗಿ ತಪ್ಪುವುದು ಮೊದಲ ಮೆಟ್ಟಿಲಲ್ಲೇ. ಮಗಳ ಫೋನಿನಲ್ಲಿ ಇರುವ ಜಿಮೇಲ್ ಯಾರದ್ದು? ಅಪ್ಪನದೋ ಅಮ್ಮನದೋ ಆಗಿದ್ದರೆ ಫ್ಯಾಮಿಲಿ ಲಿಂಕ್‌ಗೆ ಅಲ್ಲಿ ಮಗುವೇ ಇಲ್ಲ, ಇರುವುದು ದೊಡ್ಡವರ ಖಾತೆ. ಶಾಲೆಯ ಆ್ಯಪ್ ಹಾಕಲೆಂದು ಅವಸರದಲ್ಲಿ 1990ರ ಹುಟ್ಟಿದ ತಾರೀಖು ಕೊಟ್ಟು ಮಾಡಿದ ಖಾತೆಯಾದರೂ ಅಷ್ಟೇ. ನಿಜವಾದ ಹುಟ್ಟಿದ ದಿನ ಕೊಟ್ಟು ಹೊಸ ಖಾತೆ ಮಾಡಿ. ಫೋನನ್ನು ಪೂರ್ತಿ ರೀಸೆಟ್ ಮಾಡಿ, ಆ ಖಾತೆಯೊಂದನ್ನೇ ಹಾಕಿ, ನಂತರ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗದ ಪೇರೆಂಟಲ್ ಕಂಟ್ರೋಲ್ಸ್‌ನಿಂದ ನಿಮ್ಮ ಖಾತೆಗೆ ಜೋಡಿಸಿ. ರೀಸೆಟ್‌ಗೆ ಮೊದಲು ಫೋಟೊ ಬೇರೆಡೆ ಇಟ್ಟುಕೊಳ್ಳಿ.

ಜೋಡಣೆ ಸರಿಯಿದ್ದೂ ದಾರಿ ಸಿಗುತ್ತಿದೆ ಎಂದರೆ ಇವುಗಳನ್ನು ನೋಡಿ. ಯೂಟ್ಯೂಬ್ ಆ್ಯಪ್ ಮುಚ್ಚಿದ್ದೀರಿ, ಆದರೆ ಕ್ರೋಮ್‌ನಲ್ಲಿ ಅದೇ ಯೂಟ್ಯೂಬ್ ತೆರೆಯುತ್ತದೆ. ಆ್ಯಪ್ ಜೊತೆಗೆ ಕ್ರೋಮ್‌ನಲ್ಲಿ ಆ ವೆಬ್‌ಸೈಟನ್ನೂ ತಡೆಯಬೇಕು. ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕೆಂದು ಇಟ್ಟಿದ್ದೀರಿ, ಆದರೆ ಗೆಳತಿ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲ್) ಕಳಿಸುತ್ತಾಳೆ. ಹೊರಗಿನಿಂದ ಆ್ಯಪ್ ಹಾಕುವ ಅನುಮತಿಯನ್ನು ಫ್ಯಾಮಿಲಿ ಲಿಂಕ್‌ನಿಂದಲೇ ಮುಚ್ಚಿ. ಕೆಲವು ಫೋನುಗಳಲ್ಲಿ ಅತಿಥಿ ಬಳಕೆದಾರ, ಎರಡನೇ ಸ್ಪೇಸ್, ಆ್ಯಪ್ ಕ್ಲೋನ್ ಎಂಬ ಸೌಲಭ್ಯಗಳಿರುತ್ತವೆ, ಅವೂ ಕಳ್ಳದಾರಿಗಳೇ. ಗಡಿಯಾರ ಬದಲಿಸಿ ಮಿತಿ ತಪ್ಪಿಸಿಕೊಳ್ಳದಂತೆ ದಿನಾಂಕ, ಸಮಯ ತಾನಾಗಿ ಹೊಂದಿಕೊಳ್ಳುವಂತೆ ಇರಲಿ. ಎಲ್ಲಕ್ಕಿಂತ ಸಾಮಾನ್ಯವಾದದ್ದು: ನಿಮ್ಮ ಫೋನಿನ ಪ್ಯಾಟರ್ನ್ ಅವಳಿಗೆ ಗೊತ್ತಿರುತ್ತದೆ. ನೀವು ಮಲಗಿದಾಗ ಅವಳ ಕೋರಿಕೆಗೆ ಅವಳೇ ನಿಮ್ಮ ಫೋನಿನಿಂದ 'ಅಪ್ರೂವ್' ಒತ್ತುತ್ತಾಳೆ.

ಇಡಬೇಕಾದ ಮಿತಿ: ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಗಿಂತ ಕಮ್ಮಿ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅದರಲ್ಲಿ ಟಿವಿಯೂ ಸೇರಿದೆ ಎಂಬುದನ್ನು ಮರೆಯಬೇಡಿ. ನಿಮ್ಮ ಮಗಳಿಗೆ ಶಾಲೆಯ ದಿನ ಒಂದು ಗಂಟೆ, ರಾತ್ರಿ ಎಂಟೂವರೆಯಿಂದ ಬೆಳಗ್ಗೆ ಏಳರವರೆಗೆ ಫೋನ್ ಮುಚ್ಚಿಡುವ ಡೌನ್‌ಟೈಮ್ ಸಾಕು. ಫೋನ್ ಕರೆಯ ಆ್ಯಪ್ ಮಾತ್ರ ಯಾವಾಗಲೂ ತೆರೆದಿರಲಿ, ಬಸ್ ತಪ್ಪಿದಾಗ ಅವಳು ನಿಮಗೆ ಫೋನ್ ಮಾಡಬೇಕು. ರಾತ್ರಿ ಫೋನ್ ಚಾರ್ಜ್ ಆಗುವ ಜಾಗ ಮಲಗುವ ಕೋಣೆಯಲ್ಲಿ ಬೇಡ, ನಡುಮನೆಯಲ್ಲಿರಲಿ. ನಿಮ್ಮ ಫೋನುಗಳೂ ಅಲ್ಲೇ ಇರಲಿ.

ಮಗುವಿಗೆ ಬೇರೆ ಫೋನಿಲ್ಲದೆ ನಿಮ್ಮದನ್ನೇ ಕೊಡುವುದಾದರೆ ಆ್ಯಪ್ ಪಿನ್ನಿಂಗ್ ಬಳಸಿ. ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, 'ತೆಗೆಯುವ ಮೊದಲು ಪಿನ್ ಕೇಳು' ಎಂಬುದನ್ನೂ ಆರಿಸಿ. ಆಮೇಲೆ ಆ ಒಂದು ಆ್ಯಪ್ ಬಿಟ್ಟು ಮಗು ಆಚೆ ಹೋಗಲಾಗದು. ಐಫೋನಿನಲ್ಲಿ ಇದೇ ಕೆಲಸಕ್ಕೆ ಗೈಡೆಡ್ ಆ್ಯಕ್ಸೆಸ್ ಇದೆ.

ನನ್ನ ಹನ್ನೊಂದು ವರ್ಷದ ತಂಗಿಮಗಳು ರೋಬ್ಲಾಕ್ಸ್ ಆಡುತ್ತಾಳೆ. ಅದರಲ್ಲಿ ಪರಿಚಯವಾದ 'ಅಕ್ಕ' ಒಬ್ಬಳು ಗಿಫ್ಟ್ ಕೊಡುತ್ತೇನೆ, ಬೇರೆ ಆ್ಯಪ್‌ಗೆ ಬಾ, ಫೋಟೊ ಕಳಿಸು ಎನ್ನುತ್ತಿದ್ದಾಳಂತೆ. ಏನು ಮಾಡಲಿ?
— ದೊಡ್ಡಮ್ಮ, ಉಡುಪಿ

ಮಗು ನಿಮಗೆ ಹೇಳಿದ್ದಾಳೆ, ಅದೇ ಅರ್ಧ ಕೆಲಸ. 'ಯಾಕೆ ಮಾತಾಡಿದೆ' ಎಂದು ಗದರಬೇಡಿ. ಗಿಫ್ಟ್ ಆಸೆ, ಬೇರೆ ಆ್ಯಪ್‌ಗೆ ಕರೆ, ಫೋಟೊ, 'ಮನೆಯಲ್ಲಿ ಹೇಳಬೇಡ' ಎಂಬ ಮಾತು, ಇವು ಒಟ್ಟಿಗೆ ಬಂದರೆ ಆ ಕಡೆ ಇರುವವರು ಅಕ್ಕ ಅಲ್ಲ ಎಂದೇ ತಿಳಿಯಿರಿ. ಚಾಟ್ ಅಳಿಸಬೇಡಿ. ಆ ವ್ಯಕ್ತಿಯ ಬಳಕೆದಾರ ಹೆಸರು ಕಾಣುವಂತೆ, ತಾರೀಖು ಸಮೇತ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಆಟದೊಳಗೆ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ಫೋಟೊ ಹೋಗಿದ್ದರೂ ಹೋಗದಿದ್ದರೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೆ ಅಲ್ಲಿ ಬೇರೆಯೇ ವಿಭಾಗವಿದೆ, ಹೆಸರು ಹೇಳದೆಯೂ ದೂರಬಹುದು. ಮಕ್ಕಳ ಸಹಾಯವಾಣಿ 1098. ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ಒಂದು ರೂಪಾಯಿಯನ್ನೂ, ಇನ್ನೊಂದು ಫೋಟೊವನ್ನೂ ಕಳಿಸದೆ ನೇರ ಠಾಣೆಗೆ ಹೋಗಿ. ಇದು ಪೋಕ್ಸೊ ಕಾಯ್ದೆಯಡಿ ಬರುವ ಅಪರಾಧ.

ರೋಬ್ಲಾಕ್ಸ್ ಒಂದು ಆಟವಲ್ಲ, ಬಳಕೆದಾರರೇ ಮಾಡಿದ ಲೆಕ್ಕವಿಲ್ಲದಷ್ಟು ಆಟಗಳ ಸಂತೆ. ಅವಳ ತಾಯಿ ತನ್ನದೊಂದು ಖಾತೆ ತೆರೆದು ಮಗಳ ಖಾತೆಗೆ ಜೋಡಿಸಿದರೆ ಗೆಳೆಯರ ಪಟ್ಟಿ ನೋಡಬಹುದು, ಯಾವ ಮಟ್ಟದ ಆಟ, ತಿಂಗಳಿಗೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ಹೊತ್ತು ಎಂದು ಕಟ್ಟಬಹುದು. ಮಗಳ ಹುಟ್ಟಿದ ತಾರೀಖು ಅಲ್ಲೂ ನಿಜವಾಗಿರಬೇಕು.

ಪಿಯುಸಿ ಓದುವ ತಮ್ಮ 'ಕಲರ್ ಪ್ರಿಡಿಕ್ಷನ್' ಎಂದು ಯಾವ ಬಣ್ಣ ಬರುತ್ತದೆ ಎಂಬುದರ ಮೇಲೆ ದುಡ್ಡು ಕಟ್ಟುತ್ತಾನೆ. ಪೊಲೀಸರಿಗೆ ಹೇಳಿದರೆ ಅವನನ್ನೇ ಹಿಡಿಯುತ್ತಾರೆ ಎಂಬ ಭಯ.
— ಅಕ್ಕ, ಕಲಬುರಗಿ

ಆ ಭಯಕ್ಕೆ ಸುಮ್ಮನಿರಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಶಿಕ್ಷೆ ಇರುವುದು ನಡೆಸುವವರಿಗೆ, ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೂ ಎರಡು ವರ್ಷ, ಐವತ್ತು ಲಕ್ಷ. ಆಡಿ ಕಳೆದುಕೊಂಡವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಧೈರ್ಯವಾಗಿ 1930ಕ್ಕೆ ಹೇಳಿ. ಆದರೆ ಒಂದನ್ನು ಖಚಿತ ಮಾಡಿಕೊಳ್ಳಿ: ಅವನ ಬ್ಯಾಂಕ್ ಖಾತೆಯನ್ನೋ ಸಿಮ್ಮನ್ನೋ ಕಮಿಷನ್ ಆಸೆಗೆ ಬೇರೆಯವರಿಗೆ ಬಳಸಲು ಕೊಟ್ಟಿದ್ದಾನೆಯೇ? ಕೊಟ್ಟಿದ್ದರೆ ಅದು ಬೇರೆ ಅಪರಾಧ, ವಕೀಲರ ಸಲಹೆ ಪಡೆದು ತಕ್ಷಣ ಬ್ಯಾಂಕಿಗೆ ತಿಳಿಸಬೇಕು. 'ಹೋದದ್ದನ್ನು ಗೆದ್ದು ತರುತ್ತೇನೆ, ಇನ್ನೈದು ಸಾವಿರ ಕೊಡು' ಎಂದರೆ ಕೊಡಬೇಡಿ. ಸಾಲ ತೀರಿಸುವುದಿದ್ದರೆ ಸಾಲ ಕೊಟ್ಟವರ ಕೈಗೇ ನೇರವಾಗಿ ಕೊಡಿ.

ಮಗನಿಗೆ ಹದಿನಾರು. ಎಂಟು ತಿಂಗಳಿಂದ ರಾತ್ರಿಯೆಲ್ಲ ಆಟ, ಹಗಲೆಲ್ಲ ನಿದ್ದೆ. ಕಾಲೇಜಿಗೆ ಹೋಗುವುದು ನಿಂತಿದೆ. ಇದು ಚಟವೋ, ಕಾಯಿಲೆಯೋ?
— ಒಬ್ಬ ತಾಯಿ, ಮೈಸೂರು

ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಗಂಟೆಗಳ ಲೆಕ್ಕ ಅದರಲ್ಲಿಲ್ಲ. ನಿಲ್ಲಿಸಬೇಕೆಂದರೂ ಆಗದಿರುವುದು, ಬೇರೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಈ ಮೂರೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಾಣಿಸಿಕೊಂಡಿರಬೇಕು. ಲಕ್ಷಣ ತೀವ್ರವಾಗಿದ್ದರೆ ಅಷ್ಟು ಕಾಯುವುದಿಲ್ಲ. ಕಾಲೇಜು ನಿಂತಿದೆ ಎಂದ ಮೇಲೆ ನೀವೂ ಕಾಯಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಹೋಗುವ ಮೊದಲು ಒಂದು ವಾರ ಅವನು ಮಲಗುವ ಹೊತ್ತು, ಏಳುವ ಹೊತ್ತು, ಊಟ, ಆಟ, ಸಿಟ್ಟು ಬಂದ ಸಂದರ್ಭ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ವೈದ್ಯರಿಗೆ ಬಹಳ ಅನುಕೂಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಷ್ಟರಲ್ಲಿ ವೈಫೈ ತಂತಿ ಕತ್ತರಿಸುವುದು, ಫೋನ್ ಒಡೆಯುವುದು ಬೇಡ. ಎಷ್ಟೋ ಮಕ್ಕಳಿಗೆ ಆಟಕ್ಕೂ ಮೊದಲೇ ಬೇರೇನೋ ಕಾಡುತ್ತಿರುತ್ತದೆ: ಖಿನ್ನತೆ, ತರಗತಿಯಲ್ಲಿ ಕಿರುಕುಳ, ಅರ್ಥವಾಗದ ಪಾಠ. ಆಟ ಅವರು ಅಡಗುವ ಜಾಗ. ಅದೊಂದನ್ನೇ ಕಿತ್ತರೆ ಒಳಗಿನದು ಇನ್ನೂ ಜೋರಾಗುತ್ತದೆ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಕಷ್ಟ ತಂದೆತಾಯಿ ಯಾಕೆ ಪಡಬೇಕು? ಸರ್ಕಾರವೇ ಇವನ್ನೆಲ್ಲ ಬಂದ್ ಮಾಡಲಿ.
— ನಿವೃತ್ತ ನೌಕರರು, ಚಿತ್ರದುರ್ಗ

ಮಾಡಿ ನೋಡಿದ್ದಾರೆ ಸರ್. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರರೊಳಗಿನವರು ಮಧ್ಯರಾತ್ರಿಯಿಂದ ಬೆಳಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡುವಂತಿಲ್ಲ ಎಂದಿತು. ಮಕ್ಕಳು ದೊಡ್ಡವರ ಗುರುತಿನ ಸಂಖ್ಯೆ ಬಳಸಿದರು, ಆಟ ಮೊಬೈಲ್‌ಗೆ ಹೋಯಿತು. 2022ಕ್ಕೆ ಆ ಕಾನೂನೇ ಹೋಯಿತು. ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು, ಮರುವರ್ಷವೇ ಬಿಜಿಎಂಐ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಅದರದ್ದೇ ಇನ್ನೊಂದು ರೂಪವಾದ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಸರ್ಕಾರ ಮಾಡಬೇಕಾದದ್ದು ಇಲ್ಲವೆಂದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಟ್ಟು ಜಾಹೀರಾತು ತೋರಿಸುವಂತಿಲ್ಲ ಎನ್ನುತ್ತದೆ. ಅದು ಬಿಗಿಯಾಗಿ ಜಾರಿಯಾಗಲಿ ಎಂದು ನಾವೂ ಒತ್ತಾಯಿಸುತ್ತೇವೆ. ಆದರೆ ಒಪ್ಪಿಗೆಯ ಗುಂಡಿ ಆಗಲೂ ಹೆತ್ತವರ ಕೈಯಲ್ಲೇ ಇರುತ್ತದೆ. ಓದದೆ ಒತ್ತಿದರೆ ಕಾಯ್ದೆ ಇದ್ದೂ ಇಲ್ಲದಂತೆ.

ಮೊಮ್ಮಗುವಿಗೆ ಒಂದೂ ಮುಕ್ಕಾಲು ವರ್ಷ. ಯೂಟ್ಯೂಬ್ ಹಾಕದಿದ್ದರೆ ಬಾಯಿ ತೆರೆಯುವುದಿಲ್ಲ. ಮಗಳು ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಉಣ್ಣಿಸುವವಳು ನಾನೇ.
— ಅಜ್ಜಿ, ಹಾಸನ

ಎರಡು ವರ್ಷದೊಳಗೆ ಪರದೆಯೇ ಬೇಡ ಅಜ್ಜಿ, ದೂರದಲ್ಲಿರುವವರ ಜೊತೆ ವಿಡಿಯೊ ಕಾಲ್ ಮಾಡುವುದೊಂದನ್ನು ಬಿಟ್ಟು. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಬಾಯಲ್ಲಿ ಏನಿದೆ ಎಂಬುದರ ಕಡೆಗೂ ಗಮನವಿರುವುದಿಲ್ಲ. ಬಿಡಿಸುವುದನ್ನು ಮಧ್ಯಾಹ್ನದ ಊಟದಿಂದ ಶುರು ಮಾಡಿ, ಆಗ ಮಗುವಿಗೆ ಹಸಿವು ಹೆಚ್ಚು. ಊಟಕ್ಕೆ ಎರಡು ಗಂಟೆ ಮೊದಲು ಹಾಲು, ಬಿಸ್ಕತ್ತು ಕೊಡಬೇಡಿ. ನೆಲದ ಮೇಲೆ ನಿಮ್ಮೆದುರು ಕೂರಿಸಿ, ಚಿಕ್ಕ ತಟ್ಟೆಯಲ್ಲಿ ಎರಡು ಚಮಚ ಅನ್ನ ಸಾರು ಕಲಸಿ ಇಡಿ, ಕೈ ಹಾಕಿ ಚೆಲ್ಲಾಡಲಿ. ನೀವೂ ಜೊತೆಗೇ ಉಣ್ಣಿ. ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ, ತಿಂದಷ್ಟೇ ಸಾಕು. ಮೊದಲ ಕೆಲವು ದಿನ ಅಳುತ್ತದೆ, ಕಮ್ಮಿ ತಿನ್ನುತ್ತದೆ, ಮುಂದಿನ ಹೊತ್ತಿಗೆ ಹಸಿದುಕೊಂಡು ಬರುತ್ತದೆ. ಮಧ್ಯಾಹ್ನದ್ದು ಸರಿಹೋದ ಮೇಲೆ ರಾತ್ರಿಯದ್ದು. ಮನೆಯಲ್ಲಿ ಒಬ್ಬರು ಮರುಕಪಟ್ಟು ಫೋನ್ ಹಾಕಿಕೊಟ್ಟರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ, ಹಾಗಾಗಿ ಮಗಳಿಗೂ ಸೊಸೆಗೂ ಮೊದಲೇ ಹೇಳಿಟ್ಟುಕೊಳ್ಳಿ. ಮಗುವಿನ ತೂಕ ಇಳಿಯುತ್ತಿದ್ದರೆ, ಅಥವಾ ಇಷ್ಟು ಹೊತ್ತಿಗೆ ಒಂದೆರಡು ಪದವಾದರೂ ಆಡದಿದ್ದರೆ, ಹೆಸರು ಕರೆದಾಗ ತಿರುಗಿ ನೋಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.